ಕಕಾರದಿಂದ ಊಷ್ಮಕ್ಕೆ: 'ಕಿವಿ' ಮತ್ತು 'ಚೆವಿ'ಗಳ ನಡುವಿನ ಇತಿಹಾಸ

ಕನ್ನಡದಲ್ಲಿ 'ಕಿವಿ' ಎನ್ನುವ ಅಂಗಕ್ಕೆ ತಮಿಳು, ಮಲಯಾಳ, ತೆಲುಗು ಭಾಷೆಗಳಲ್ಲಿ 'ಚೆವಿ' ಎಂಬ ಹೆಸರಿದೆ. ಕನ್ನಡದ 'ಕೆಱೆ' ತೆಲುಗಿನಲ್ಲಿ 'ಚೆಱುವು'. ಕನ್ನಡದ 'ಕಿಱು' ತಮಿಳಿನಲ್ಲಿ 'ಚಿಱು'. ಕನ್ನಡದ 'ಕೆಂದಾವರೆ' ತಮಿಳಿನಲ್ಲಿ 'ಚೆಂದಾಮರೈ'. ಹಳಗನ್ನಡದ 'ಗೆಯ್' ಧಾತುವಿಗೆ ತಮಿಳಿನಲ್ಲಿ 'ಚೆಯ್', ತೆಲುಗಿನಲ್ಲಿ 'ಚೇಯು' ಸಂವಾದಿಗಳಾಗಿವೆ. ಇಂದಿನ ತಮಿಳು ಮಾತಿನಲ್ಲಿ ಪದಾದಿಯ ಈ ಚಕಾರವು ಬಹುಮಟ್ಟಿಗೆ ಸಕಾರವಾಗಿಯೇ ಕೇಳಿಸುತ್ತದೆ. ಒಂದೇ ಮನೆತನದ ಭಾಷೆಗಳಲ್ಲಿ ಒಂದೇ ಪದವು ಒಂದೆಡೆ ಕಕಾರದಿಂದ, ಇನ್ನೊಂದೆಡೆ ಚಕಾರದಿಂದ, ಮತ್ತೊಂದೆಡೆ ಸಕಾರದಿಂದ ಮೊದಲಾಗುವುದಾದರೆ ಇವುಗಳಲ್ಲಿ ಮೂಲರೂಪ ಯಾವುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಈ ಪ್ರಶ್ನೆ ಕೇವಲ ಉಚ್ಚಾರಣೆಗೆ ಸಂಬಂಧಿಸಿದುದಲ್ಲ. ಕನ್ನಡವು ತಮಿಳಿನಿಂದ ಹುಟ್ಟಿತೇ, ತಮಿಳು ಕನ್ನಡಗಳೆರಡೂ ಮತ್ತೊಂದು ಮೂಲದಿಂದ ಕವಲೊಡೆದವೇ ಎಂಬ ಹಳೆಯ ಚರ್ಚೆಗೆ ಇದರ ಉತ್ತರ ನೇರವಾಗಿ ತಾಗುತ್ತದೆ. ಅಭಿಮಾನದಿಂದ ತೀರ್ಮಾನವಾಗದ ಈ ಚರ್ಚೆಯನ್ನು ಧ್ವನಿಗಳ ಇತಿಹಾಸವು ಬಹಳ ಶಾಂತವಾಗಿ ತೀರ್ಮಾನಿಸಬಲ್ಲದು. ಆದರೆ ಅದಕ್ಕೆ ಮೊದಲು ವ್ಯಂಜನವೊಂದು ಊಷ್ಮವಾಗುವ ಕ್ರಮವನ್ನೂ ಆ ಕ್ರಮಕ್ಕಿರುವ ದಿಕ್ಕನ್ನೂ ತಿಳಿಯಬೇಕು. ಇದಕ್ಕೆ ಜಗತ್ತಿನ ಬೇರೆ ಬೇರೆ ಭಾಷೆಗಳ ಸಾಕ್ಷ್ಯ ಒದಗುತ್ತದೆ.

ಬಾಯಿಯೊಳಗಿನ ಕಾರಣ

ಭಾರತೀಯ ವರ್ಣಮಾಲೆಯು ಧ್ವನಿಗಳನ್ನು ಹುಟ್ಟುವ ಸ್ಥಾನಕ್ಕನುಗುಣವಾಗಿ ಜೋಡಿಸಿದೆ. ಕವರ್ಗವು ಕಂಠ್ಯ, ಚವರ್ಗವು ತಾಲವ್ಯ, ತವರ್ಗವು ದಂತ್ಯ. ಶ, ಷ, ಸ, ಹಗಳನ್ನು ಪ್ರಾಚೀನ ಶಿಕ್ಷಾಕಾರರು ಊಷ್ಮಗಳೆಂದು ಒಂದೆಡೆ ಸೇರಿಸಿದರು. ಊಷ್ಮವೆಂದರೆ ಬಿಸಿಯುಸಿರು. ಸ್ಪರ್ಶವ್ಯಂಜನದಲ್ಲಿ ನಾಲಗೆಯು ಉಸಿರನ್ನು ಒಂದು ಕ್ಷಣ ಪೂರ್ಣವಾಗಿ ತಡೆಯುತ್ತದೆ. ಊಷ್ಮದಲ್ಲಿ ಆ ತಡೆ ಪೂರ್ಣವಾಗಿರುವುದಿಲ್ಲ. ಕಿರಿದಾದ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೊರಬರುತ್ತದೆ.

'ಕೂ', 'ಕಾ', 'ಕೀ' ಎಂದು ಒಂದಾದ ಮೇಲೊಂದನ್ನು ಉಚ್ಚರಿಸಿದರೆ ಕಕಾರಗಳು ಒಂದೇ ಸ್ಥಾನದಲ್ಲಿ ಹುಟ್ಟುವುದಿಲ್ಲವೆಂಬುದು ಅನುಭವಕ್ಕೆ ಬರುತ್ತದೆ. 'ಕೂ' ಎನ್ನುವಾಗ ನಾಲಗೆಯ ಹಿಂಭಾಗ ಮೃದುತಾಲುವನ್ನು ಮುಟ್ಟುತ್ತದೆ. 'ಕೀ' ಎನ್ನುವಾಗ ಆ ಸ್ಪರ್ಶ ಗಮನಾರ್ಹವಾಗಿ ಮುಂದಕ್ಕೆ ಸರಿಯುತ್ತದೆ. ಇಕಾರ, ಎಕಾರಗಳು ನಾಲಗೆಯ ಮುಂಭಾಗವನ್ನು ಎತ್ತಿ ಉಚ್ಚರಿಸುವ ಸ್ವರಗಳು. ಮುಂದೆ ಬರಲಿರುವ ಸ್ವರಕ್ಕೆ ನಾಲಗೆ ಮೊದಲೇ ಸಿದ್ಧವಾಗುವುದರಿಂದ ಕಕಾರವೂ ತಾಲುವಿನತ್ತ ಸರಿಯುತ್ತದೆ. ಅಲ್ಲಿ ನಾಲಗೆಯ ಅಗಲವಾದ ಭಾಗ ತಾಲುವನ್ನು ಒತ್ತುವುದರಿಂದ ಬಿಡುಗಡೆ ಥಟ್ಟನೆ ಆಗದೆ ಉಜ್ಜುವ ಸದ್ದು ಸೇರಿಕೊಳ್ಳುತ್ತದೆ. ತಡೆಯೂ ಉಜ್ಜುವಿಕೆಯೂ ಸೇರಿದ ಈ ಧ್ವನಿಯೇ ಚಕಾರ. ಕಾಲಕ್ರಮದಲ್ಲಿ ತಡೆಯು ಸಡಿಲವಾಗಿ ಉಜ್ಜುವಿಕೆಯೊಂದೇ ಉಳಿದರೆ ಅದು ಶಕಾರ ಅಥವಾ ಸಕಾರ.

ಹೀಗೆ ಕ, ಚ, ಸ ಎಂಬುದು ಒಂದು ಇಳಿಜಾರಿನ ಮೂರು ಮೆಟ್ಟಿಲು. ಈ ಇಳಿಜಾರನ್ನು ಇಳಿದ ಭಾಷೆಗಳು ಹೇರಳವಾಗಿವೆ. ಇಕಾರ ಎಕಾರಗಳ ಮುಂದೆ ಚಕಾರವು ಕಕಾರವಾದ ಕ್ರಮಬದ್ಧ ಪರಿವರ್ತನೆಯಾದರೋ ಅತಿ ವಿರಳ. ಭಾಷಾಶಾಸ್ತ್ರದಲ್ಲಿ ಇದನ್ನು ತಾಲವ್ಯೀಕರಣವೆಂದು ಕರೆಯುತ್ತಾರೆ. ಇದಕ್ಕೊಂದು ದಿಕ್ಕಿದೆ ಎಂಬುದೇ ಇತಿಹಾಸಕಾರನಿಗೆ ಮುಖ್ಯವಾದ ಸಂಗತಿ.

'ನೂರು' ಎಂಬ ಪದದ ಕಥೆ

ಸಂಸ್ಕೃತದ 'ಶತ' ಅವೆಸ್ತಾ ಭಾಷೆಯಲ್ಲಿ 'ಸತಮ್'. ಲಿಥುವೇನಿಯನ್ ಭಾಷೆಯಲ್ಲಿ ಅದು 'ಶಿಮ್ತಾಸ್'. ಇವೆಲ್ಲವೂ ಊಷ್ಮದಿಂದ ಮೊದಲಾಗುತ್ತವೆ. ಲ್ಯಾಟಿನ್ನಿನಲ್ಲಿ ಅದೇ ಪದ 'ಕೆಂತುಮ್', ಗ್ರೀಕಿನಲ್ಲಿ 'ಹೆಕತೊನ್'. ಇವುಗಳಲ್ಲಿ ಕಕಾರವೇ ಇದೆ. 1890ರಲ್ಲಿ ಪೀಟರ್ ಫಾನ್ ಬ್ರಾಡ್ಕೆ ಎಂಬ ವಿದ್ವಾಂಸನು ಈ ಒಂದು ಪದವನ್ನೇ ಆಧಾರವಾಗಿಟ್ಟುಕೊಂಡು ಇಂಡೋ-ಯೂರೋಪಿಯನ್ ಭಾಷೆಗಳನ್ನು 'ಕೆಂತುಮ್' ವರ್ಗ, 'ಸತಮ್' ವರ್ಗ ಎಂದು ಹೆಸರಿಸಿದನು. ಮೂಲದಲ್ಲಿದ್ದ ತಾಲುವಿಗೆ ಹತ್ತಿರದ ಕಕಾರವು ಸತಮ್ ವರ್ಗದಲ್ಲಿ ಊಷ್ಮವಾಯಿತೆಂಬುದು ವಿದ್ವಾಂಸರ ತೀರ್ಮಾನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧ್ಯ ಏಷ್ಯಾದಲ್ಲಿ ದೊರೆತ ತೊಖಾರಿಯನ್ ಹಸ್ತಪ್ರತಿಗಳಲ್ಲಿ 'ನೂರು' ಎಂಬುದಕ್ಕೆ ಕಕಾರದ ರೂಪವೇ ಕಂಡಾಗ, ಪಶ್ಚಿಮದವು ಕೆಂತುಮ್, ಪೂರ್ವದವು ಸತಮ್ ಎಂಬ ಸರಳ ಭೌಗೋಲಿಕ ವಿಭಜನೆ ಬಿದ್ದುಹೋಯಿತು. ಊಷ್ಮವಾಗದೆ ಉಳಿದ ರೂಪಗಳು ಪರಸ್ಪರ ಹತ್ತಿರದ ಬಂಧುಗಳೇ ಆಗಿರಬೇಕಿಲ್ಲ, ಅವು ಹಳೆಯದನ್ನು ಬೇರೆ ಬೇರೆ ಮೂಲೆಗಳಲ್ಲಿ ಉಳಿಸಿಕೊಂಡವು ಮಾತ್ರ ಎಂಬ ಪಾಠವೂ ಇಲ್ಲಿಂದಲೇ ದೊರೆಯಿತು.

ಸಂಸ್ಕೃತದೊಳಗೆ ಈ ಬಗೆಯ ಪರಿವರ್ತನೆ ಎರಡನೆಯ ಬಾರಿಯೂ ನಡೆದಿದೆ. 'ಕೃ' ಧಾತುವಿನ ಲಿಟ್ ರೂಪ 'ಚಕಾರ', 'ಗಮ್' ಧಾತುವಿನದು 'ಜಗಾಮ'. ದ್ವಿತ್ವವಾದಾಗ ಮೊದಲಿನ ಕವರ್ಗಾಕ್ಷರವು ಚವರ್ಗವಾಗಬೇಕೆಂದು ಪಾಣಿನಿ ವಿಧಿಸುತ್ತಾನೆ. ವಿಧಿಯನ್ನು ಹೇಳುವುದು ವ್ಯಾಕರಣದ ಕೆಲಸ. ಅದರ ಕಾರಣ ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದಿತು. ದ್ವಿತ್ವದ ಮೊದಲ ಅಕ್ಷರದಲ್ಲಿ ಮೂಲತಃ ಎಕಾರವಿತ್ತು. ಆ ಎಕಾರದ ಪ್ರಭಾವದಿಂದ ಕಕಾರ ಚಕಾರವಾಯಿತು. ಅನಂತರ ಆ ಎಕಾರವೇ ಅಕಾರವಾಗಿ ಮರೆಯಾಯಿತು. ಲ್ಯಾಟಿನ್ನಿನ 'ಕ್ವೆ' ಎಂಬ ಅವ್ಯಯ ಸಂಸ್ಕೃತದ 'ಚ'ಕ್ಕೆ ಸಂವಾದಿ. ಅಲ್ಲಿ ಎಕಾರ ಇನ್ನೂ ಉಳಿದಿದೆ. ಸ್ವರವು ಅಳಿದರೂ ಅದು ಒಮ್ಮೆ ಅಲ್ಲಿತ್ತೆಂಬುದಕ್ಕೆ ವ್ಯಂಜನವು ಸಾಕ್ಷಿಯಾಗಿ ನಿಂತಿದೆ.

ಕನ್ನಡಿಗರು ನಿತ್ಯ ಬಳಸುವ ತತ್ಸಮಗಳಲ್ಲಿ ಈ ಹಳೆಯ ಘಟನೆಯ ಗುರುತುಗಳು ಜೋಡಿ ಜೋಡಿಯಾಗಿ ಕಾಣಸಿಗುತ್ತವೆ. ವಚನ ಮತ್ತು ವಾಕ್ಯ, ಪಚನ ಮತ್ತು ಪಾಕ, ಭೋಜನ ಮತ್ತು ಭೋಗ, ಯೋಜನೆ ಮತ್ತು ಯೋಗ, ಭಜನೆ ಮತ್ತು ಭಾಗ, ಶೋಚನೀಯ ಮತ್ತು ಶೋಕ ಇವು ಒಂದೊಂದು ಧಾತುವಿನ ಎರಡೆರಡು ಮುಖಗಳು. ಒಂದರಲ್ಲಿ ಕಂಠ್ಯವು ಉಳಿದಿದೆ, ಇನ್ನೊಂದರಲ್ಲಿ ತಾಲುವಿಗೆ ಸರಿದಿದೆ. ಎಲ್ಲ ರೂಪಗಳೂ ನೇರವಾಗಿ ಎಕಾರದ ಪ್ರಭಾವದಿಂದಲೇ ಬಂದವಲ್ಲ. ಕೆಲವು ಸಾದೃಶ್ಯದಿಂದ ಹರಡಿದವು. ಮೂಲದ ಪ್ರೇರಣೆ ಮಾತ್ರ ಅದೇ.

ಲ್ಯಾಟಿನ್ನಿನ ಮಕ್ಕಳು

ಸಂಸ್ಕೃತದಲ್ಲಿ ಇತಿಹಾಸಪೂರ್ವದ ಕತ್ತಲೆಯಲ್ಲಿ ನಡೆದುದು ಲ್ಯಾಟಿನ್ನಿನಲ್ಲಿ ದಾಖಲೆಗಳ ಬೆಳಕಿನಲ್ಲಿಯೇ ನಡೆಯಿತು. ಸೀಸರ್ ಎಂದು ಇಂದು ಕರೆಯಲಾಗುವ ರೋಮನ್ ನಾಯಕನ ಹೆಸರು ಅವನ ಕಾಲದಲ್ಲಿ 'ಕೈಸರ್' ಎಂದೇ ಉಚ್ಚರಿತವಾಗುತ್ತಿತ್ತು. ಸಿಸೆರೋ ಎಂಬ ವಾಗ್ಮಿಯ ಹೆಸರನ್ನು ಗ್ರೀಕ್ ಲೇಖಕರು 'ಕಿಕೆರೋನ್' ಎಂದು ಬರೆದರು. ಇಕಾರ ಎಕಾರಗಳ ಹಿಂದಿನ ಲ್ಯಾಟಿನ್ ಕಕಾರವು ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ತಾಲುವಿಗೆ ಸರಿಯತೊಡಗಿತು. ಇಟಾಲಿಯನ್ 'ಚೆಂತೊ'ದಲ್ಲಿ ಅದು ಚಕಾರದಲ್ಲಿ ನಿಂತಿದೆ. ಫ್ರೆಂಚಿನಲ್ಲಿ ಅದೇ ಪದ ಸಕಾರಕ್ಕೆ ಇಳಿದಿದೆ. ಸ್ಪೇನಿನಿಂದ ಅಮೆರಿಕ ಖಂಡಕ್ಕೆ ಹೋದ ಸ್ಪ್ಯಾನಿಷಿನಲ್ಲಿ ಅದು 'ಸಿಯೆಂತೊ'. ಬರಹದಲ್ಲಿ ಮಾತ್ರ ಎಲ್ಲೆಡೆಯೂ ಹಳೆಯ ಕಕಾರದ ಅಕ್ಷರವೇ ಉಳಿದಿದೆ.

ಈ ಬಳಗದಲ್ಲಿ ಒಂದು ಅಪವಾದವಿದೆ. ಮೆಡಿಟರೇನಿಯನ್ ಸಮುದ್ರದ ನಡುವಿನ ಸಾರ್ದಿನಿಯಾ ದ್ವೀಪದ ಒಳನಾಡಿನ ಭಾಷೆಯಲ್ಲಿ ನೂರು ಎಂಬುದು ಇಂದಿಗೂ 'ಕೆಂತು'. ಅದರ ಸುತ್ತಲಿನ ಭಾಷೆಗಳೆಲ್ಲ ಇಳಿಜಾರನ್ನು ಇಳಿದಾಗ ಅದು ಮೇಲಿನ ಮೆಟ್ಟಿಲಲ್ಲಿಯೇ ನಿಂತಿತು. ಆದುದರಿಂದ ಸಾರ್ದಿನಿಯನ್ ಭಾಷೆಯನ್ನು ಇಟಾಲಿಯನ್ನಿನ ಮಗಳೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಚಕಾರವನ್ನು ಪಡೆದ ತಾಯಿಯಿಂದ ಕಕಾರವಿರುವ ಮಗಳು ಹುಟ್ಟಲಾರಳು.

ಎರವಲು ಪದಗಳು ಈ ಪರಿವರ್ತನೆಯ ಕಾಲವನ್ನು ಅಳೆಯುವ ಕೋಲಿನಂತಿವೆ. ರೋಮನರ ಸೈನ್ಯ, ವ್ಯಾಪಾರಗಳ ಮೂಲಕ ಜರ್ಮನಿಕ್ ಜನರು ಬೇಗನೆ ಪಡೆದ ಪದಗಳಲ್ಲಿ ಕಕಾರವಿದೆ. ಜರ್ಮನ್ ಭಾಷೆಯಲ್ಲಿ ನೆಲಮನೆಗೆ 'ಕೆಲ್ಲರ್' ಎಂದೂ ಚಕ್ರವರ್ತಿಗೆ 'ಕೈಸರ್' ಎಂದೂ ಹೆಸರು. 'ಕೆಲ್ಲರ್' ಹುಟ್ಟಿದ ಲ್ಯಾಟಿನ್ ಮೂಲದಿಂದಲೇ ಬಂದ, ಸಂನ್ಯಾಸಿಗಳ ಕೋಣೆಯನ್ನು ಸೂಚಿಸುವ ಪದ 'ತ್ಸೆಲ್ಲೆ'. ಅದು ಮಠಗಳ ಕಾಲದಲ್ಲಿ, ಕಕಾರವು ಆಗಲೇ ಊಷ್ಮದತ್ತ ಸರಿದ ಮೇಲೆ, ಬಂದುದು. ಒಂದೇ ಪದ ಎರಡು ಬಾರಿ ಬಂದು ಎರಡು ಕಾಲಗಳ ಉಚ್ಚಾರಣೆಯನ್ನು ಅಕ್ಕಪಕ್ಕದಲ್ಲಿ ಉಳಿಸಿದೆ.

ಇಂಡೋ-ಯೂರೋಪಿಯನ್ ಕುಟುಂಬದ ಹೊರಗೂ ಇದೇ ಕಥೆ ನಡೆದಿದೆ. ಚೀನಾದ ರಾಜಧಾನಿಯ ಹೆಸರನ್ನು ಹಿಂದಿನ ತಲೆಮಾರಿನವರು 'ಪೀಕಿಂಗ್' ಎಂದು ಓದಿದರು, ಇಂದಿನವರು 'ಬೀಜಿಂಗ್' ಎಂದು ಓದುತ್ತಾರೆ. ಇದು ಹೆಸರಿನ ಬದಲಾವಣೆಯಲ್ಲ. ಉತ್ತರದ ಚೀನೀ ಭಾಷೆಯಲ್ಲಿ ಇಕಾರದ ಹಿಂದಿನ ಕಕಾರವು ತಾಲವ್ಯವಾದುದರ ಫಲ. ದಕ್ಷಿಣದ ಕ್ಯಾಂಟನೀಸಿನಲ್ಲಿ ಆ ಅಕ್ಷರಕ್ಕೆ ಇಂದಿಗೂ ಕಕಾರವೇ ಇದೆ.

ಪ್ರಾಕೃತದ ಮಾರ್ಗದಲ್ಲಿ

ಊಷ್ಮದ ಇಳಿಜಾರಿಗೆ ಕಕಾರವೊಂದೇ ಬಂದುದಲ್ಲ. ದಂತ್ಯವ್ಯಂಜನಕ್ಕೆ ಯಕಾರ ಸೇರಿದಾಗಲೂ ನಾಲಗೆ ತಾಲುವಿನತ್ತ ಎಳೆಯಲ್ಪಡುತ್ತದೆ. ಮಧ್ಯಕಾಲೀನ ಇಂಡೋ-ಆರ್ಯನ್ ಭಾಷೆಗಳಲ್ಲಿ ಇದು ನಿಯಮವೇ ಆಯಿತು. ಸಂಸ್ಕೃತದ ಸತ್ಯ, ವಿದ್ಯಾ, ಧ್ಯಾನ, ಸಂಧ್ಯಾ, ಉಪಾಧ್ಯಾಯಗಳು ಪ್ರಾಕೃತದಲ್ಲಿ ಸಚ್ಚ, ವಿಜ್ಜಾ, ಝಾಣ, ಸಂಝಾ, ಉವಜ್ಝಾಯಗಳಾದವು. ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರಾದ ಉಪಾಧ್ಯಾಯರನ್ನು ಜೈನಾಗಮಗಳು 'ಉವಜ್ಝಾಯ' ಎಂದೇ ಹೆಸರಿಸುತ್ತವೆ.

ಈ ರೂಪಗಳು ಪ್ರಾಕೃತದಲ್ಲಿಯೇ ನಿಲ್ಲದೆ ಕನ್ನಡದೊಳಕ್ಕೂ ಬಂದವು. ಹಳಗನ್ನಡ ಕಾವ್ಯಗಳನ್ನು ಓದುವವರಿಗೆ ಬಿಜ್ಜೆ, ಬೆಜ್ಜ, ಉಜ್ಜುಗ, ಓಜ ಎಂಬ ತದ್ಭವಗಳು ಪರಿಚಿತ. ವಿದ್ಯೆ, ವೈದ್ಯ, ಉದ್ಯೋಗ, ಉಪಾಧ್ಯಾಯ ಎಂಬ ಪದಗಳಿಂದ ಇವನ್ನು ನೇರವಾಗಿ ಸಾಧಿಸಲು ಹೊರಟರೆ ದಕಾರವು ಜಕಾರವಾದುದು ಹೇಗೆಂದು ತಿಳಿಯುವುದಿಲ್ಲ. ನಡುವೆ ಪ್ರಾಕೃತದ ವಿಜ್ಜಾ, ವೆಜ್ಜ, ಉವಜ್ಝಾಯಗಳನ್ನು ಇಟ್ಟರೆ ದಾರಿ ಸ್ಪಷ್ಟವಾಗುತ್ತದೆ. 'ಸಂಜೆ' ಎಂಬ ಪದವು ಇಂದು ಅಚ್ಚಗನ್ನಡವೆಂಬಷ್ಟು ಬಳಕೆಯಲ್ಲಿದೆ. ಅದರ ಜಕಾರ ಮಾತ್ರ ಪ್ರಾಕೃತದ ಮುದ್ರೆಯನ್ನು ಹೊತ್ತಿದೆ.

ಸಂಸ್ಕೃತದ ಮೂರು ಊಷ್ಮಗಳಾದ ಶ, ಷ, ಸಗಳು ಪ್ರಾಕೃತಗಳಲ್ಲಿ ಬಹುಮಟ್ಟಿಗೆ ಒಂದಾದವು. ಅರ್ಧಮಾಗಧಿ, ಶೌರಸೇನಿ, ಮಹಾರಾಷ್ಟ್ರಿಗಳಲ್ಲಿ ಸಕಾರ ಉಳಿಯಿತು. ಮಾಗಧಿಯಲ್ಲಿ ಶಕಾರ ಉಳಿಯಿತು. ವಾಯವ್ಯದ ಶಹಬಾಜ್‌ಗಢಿ, ಮಾನ್‌ಸೆಹ್ರಾಗಳಲ್ಲಿರುವ ಅಶೋಕನ ಶಾಸನಗಳಲ್ಲಿ ಮಾತ್ರ ಮೂರರ ಭೇದವೂ ಕಾಣುತ್ತದೆ. ಕನ್ನಡವು ಸಕಾರದ ದಾರಿಯನ್ನು ಹಿಡಿಯಿತು. ಶ್ರೀ 'ಸಿರಿ'ಯಾಯಿತು, ಶಶಿ 'ಸಸಿ'ಯಾಯಿತು, ಶ್ರಮಣ 'ಸವಣ'ನಾದನು. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಇಂತಹ ವರ್ಣವ್ಯತ್ಯಾಸಗಳನ್ನು ವ್ಯವಸ್ಥಿತವಾಗಿ ನಿರೂಪಿಸಿದ್ದಾನೆ. ಸಂಸ್ಕೃತದ 'ಚೂರ್ಣ'ವು ಕನ್ನಡದಲ್ಲಿ 'ಸುಣ್ಣ'ವಾದುದನ್ನು ಗಮನಿಸಿದರೆ ಚಕಾರವನ್ನು ಸಕಾರಕ್ಕೆ ಇಳಿಸುವ ಒಲವು ಕನ್ನಡಕ್ಕೂ ಇತ್ತೆಂಬುದು ತಿಳಿಯುತ್ತದೆ. ದ್ರಾವಿಡ ಮೂಲದ ಪದಗಳನ್ನು ಪರೀಕ್ಷಿಸುವಾಗ ಈ ಒಲವು ನೆನಪಿನಲ್ಲಿರಬೇಕು.

ಕನ್ನಡದ ಸಾಕ್ಷ್ಯ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. 'ಕಿವಿ' ಹಳೆಯದೋ 'ಚೆವಿ' ಹಳೆಯದೋ? ಕಕಾರದಿಂದ ಚಕಾರಕ್ಕೆ ಇಳಿಯುವುದು ಭಾಷೆಗಳ ಸಾಮಾನ್ಯ ಪ್ರವೃತ್ತಿಯೆಂಬುದು 'ಕಿವಿ'ಯ ಪರವಾದ ವಾದ. ಆದರೆ ಸಂಭವನೀಯತೆಯೊಂದರಿಂದಲೇ ತೀರ್ಪು ಕೊಡಲಾಗದು. ಖಚಿತವಾದ ಪ್ರಮಾಣ ಬೇಕು. ಅದು ತಮಿಳು ಕನ್ನಡಗಳ ಪದಗಳನ್ನು ಸಾಲಾಗಿ ಇಟ್ಟು ನೋಡಿದಾಗ ದೊರೆಯುತ್ತದೆ.

ತಮಿಳಿನ ಚಕಾರಾದಿ ಪದಗಳು ಕನ್ನಡದ ಕಡೆಯಿಂದ ನೋಡಿದರೆ ಎರಡು ಗುಂಪಾಗಿ ಒಡೆಯುತ್ತವೆ. ಚೆವಿ, ಚೆಯ್, ಚಿಱು, ಚೆಂ ಎಂಬವುಗಳಿಗೆ ಕನ್ನಡದಲ್ಲಿ ಕಿವಿ, ಗೆಯ್, ಕಿಱು, ಕೆಂ ಎಂಬ ಕವರ್ಗದ ರೂಪಗಳಿವೆ. ಚೇರ್, ಚೆಲ್, ಚುಡು, ಚುಱ್ಱು, ಚಾ ಎಂಬವುಗಳಿಗಾದರೋ ಕನ್ನಡದಲ್ಲಿ ಸೇರ್, ಸಲ್, ಸುಡು, ಸುತ್ತು, ಸಾಯ್ ಎಂಬ ಸಕಾರದ ರೂಪಗಳಿವೆ. ಚಕಾರವೇ ಎಲ್ಲಕ್ಕೂ ಮೂಲವಾಗಿದ್ದು ಕನ್ನಡವು ಅದನ್ನು ಕಕಾರವಾಗಿ ಬದಲಿಸಿಕೊಂಡಿದ್ದರೆ 'ಚೇರ್' ಎಂಬುದೂ ಕನ್ನಡದಲ್ಲಿ 'ಕೇರ್' ಆಗಬೇಕಾಗಿತ್ತು. ಹಾಗಾಗಿಲ್ಲ. ಎಕಾರವೇ ಪರವಾಗಿರುವ ಎರಡು ಪದಗಳಲ್ಲಿ ಒಂದಕ್ಕೆ ಕಕಾರವನ್ನೂ ಇನ್ನೊಂದಕ್ಕೆ ಸಕಾರವನ್ನೂ ಕನ್ನಡವು ಯಾವ ಆಧಾರದಿಂದ ಆರಿಸಿಕೊಂಡಿತು? ತಮಿಳಿನೊಳಗೆ ಅದಕ್ಕೆ ಯಾವ ಆಧಾರವೂ ಇಲ್ಲ. ಆದುದರಿಂದ ಮೂಲದಲ್ಲಿಯೇ ಎರಡು ಬೇರೆ ವ್ಯಂಜನಗಳಿದ್ದವು. ತಮಿಳಿನಲ್ಲಿ ಅವು ಒಂದಾಗಿ ಬೆರೆತವು. ಕನ್ನಡದಲ್ಲಿ ಬೇರೆಯಾಗಿಯೇ ಉಳಿದವು. ಬೆರೆತುದನ್ನು ಮತ್ತೆ ಬೇರ್ಪಡಿಸುವ ಶಕ್ತಿ ಯಾವ ಭಾಷೆಗೂ ಇಲ್ಲ.

ಬ್ರಿಟಿಷ್ ವಿದ್ವಾಂಸ ಟಿ. ಬರೋ 1943ರಲ್ಲಿ ಪದಾದಿ ಕಕಾರದ ಪರಿಣಾಮಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ವಿಷಯವನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ 'ದ ದ್ರವಿಡಿಯನ್ ಲ್ಯಾಂಗ್ವೇಜಸ್' ಗ್ರಂಥದಲ್ಲಿ ಅದನ್ನು ದ್ರಾವಿಡ ಭಾಷೆಗಳ ಸಮಗ್ರ ಇತಿಹಾಸದೊಳಗೆ ಇಟ್ಟು ವಿವೇಚಿಸಿದ್ದಾರೆ. ಕೊಡವದ 'ಕೆವಿ', ತುಳುವಿನ 'ಕೆಬಿ', ಬಹುದೂರದ ಬಲೂಚಿಸ್ತಾನದ ಬ್ರಾಹೂಯಿಯ 'ಖಫ್' ಇವೆಲ್ಲ ಕಂಠ್ಯದ ಪ್ರಾಚೀನತೆಗೆ ಸಾಕ್ಷಿ ನುಡಿಯುತ್ತವೆ.

ತಮಿಳು ತೆಲುಗುಗಳು ಈ ಇಳಿಜಾರನ್ನು ಒಟ್ಟಿಗೆ ಇಳಿದವಲ್ಲ ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ಸ್ವರದ ಮುಂದೆ ಮೂರ್ಧನ್ಯವ್ಯಂಜನವಿದ್ದರೆ ತಮಿಳಿನಲ್ಲಿ ಕಕಾರ ಬದಲಾಗುವುದಿಲ್ಲ. 'ಕೆಡು', 'ಕೇಳ್', 'ಕಿಳಿ' ಎಂಬ ಪದಗಳು ಅಲ್ಲಿ ಕಕಾರದೊಡನೆಯೇ ಉಳಿದಿವೆ. ನಾಲಗೆಯನ್ನು ಹಿಂದಕ್ಕೆ ಮಡಿಸಬೇಕಾದ ಧ್ವನಿಯು ಮುಂದೆ ಕಾದಿರುವುದರಿಂದ ನಡುವಿನ ಇಕಾರ ಎಕಾರಗಳ ಎಳೆತ ಕುಗ್ಗುತ್ತದೆ. ತೆಲುಗಿಗೆ ಈ ತಡೆಯಿಲ್ಲ. ಅಲ್ಲಿ 'ಚೆಡು' ಎಂದಿದೆ, 'ಚಿಲುಕ' ಎಂದಿದೆ. ಕನ್ನಡದ 'ಕೆಳೆ', 'ಗೆಳೆಯ'ಗಳ ಬಳಗದ ಪದ ತೆಲುಗಿನಲ್ಲಿ 'ಚೆಲಿಮಿ'. ಕನ್ನಡ ತಮಿಳುಗಳೆರಡರಲ್ಲಿಯೂ 'ಕೈ' ಆಗಿರುವ ಪದವು ತೆಲುಗಿನಲ್ಲಿ 'ಚೆಯ್ಯಿ'. ಅಲ್ಲಿ ಮೊದಲು ಅಕಾರವು ಎಕಾರವಾಗಿ, ಅನಂತರ ಆ ಎಕಾರವು ಕಕಾರವನ್ನು ತಾಲುವಿಗೆ ಎಳೆದಿದೆ. ಒಂದೇ ಪ್ರವೃತ್ತಿ ಎರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿ, ಬೇರೆ ನಿಯಮಗಳಿಂದ ನಡೆದಿದೆ.

ದೇಶನಾಮವೊಂದು ಈ ಇತಿಹಾಸಕ್ಕೆ ಶಾಸನದ ಬೆಂಬಲವನ್ನು ಒದಗಿಸುತ್ತದೆ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಎರಡನೆಯ ಬಂಡೆ ಶಾಸನದಲ್ಲಿ ದಕ್ಷಿಣದ ಅರಸುಮನೆತನಗಳನ್ನು ಹೆಸರಿಸುವಾಗ ಚೇರರನ್ನು ಕಕಾರದಿಂದ ಮೊದಲಾಗುವ 'ಕೇರಳಪುತ್ರ' ಎಂಬ ಹೆಸರಿನ ಪ್ರಾಕೃತ ರೂಪಗಳಿಂದ ಕರೆಯಲಾಗಿದೆ. ಕ್ರಿ.ಶ. 1ನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಕಡಲಯಾನ ಗ್ರಂಥದಲ್ಲಿಯೂ ಅದು ಕಕಾರಾದಿಯೇ. ಸಂಗಂ ಕಾಲದ ತಮಿಳು ಕಾವ್ಯಗಳಾದರೋ ಅದೇ ವಂಶವನ್ನು 'ಚೇರರ್', 'ಚೇರಲರ್' ಎನ್ನುತ್ತವೆ. ನಾಡವರ ನಾಲಗೆಯಲ್ಲಿ ಬದಲಾದ ಹೆಸರು ಹೊರಗಿನವರ ಬರಹದಲ್ಲಿ ಹಳೆಯ ರೂಪದಲ್ಲಿಯೇ ಉಳಿಯಿತು.

ಕನ್ನಡದಲ್ಲಿ 'ಕೆಱೆ'ಯ ಜೊತೆಗೆ 'ಸೆಱೆ' ಎಂಬ ಪದವೂ ಇದೆ. ತಮಿಳಿನ 'ಚಿಱೈ' ಎಂಬುದಕ್ಕೆ ನೀರಿನ ಕಟ್ಟೆ, ಬಂಧನ ಎಂಬ ಎರಡೂ ಅರ್ಥಗಳಿವೆ. ಎರಡಕ್ಕೂ ತಡೆದು ನಿಲ್ಲಿಸುವುದೇ ತಿರುಳು. ಕನ್ನಡದಲ್ಲಿ ನೀರನ್ನು ತಡೆದುದು 'ಕೆಱೆ', ಮನುಷ್ಯನನ್ನು ತಡೆದುದು 'ಸೆಱೆ'. ಕನ್ನಡದ ಸ್ವಂತ ನಿಯಮಕ್ಕೆ ಒಪ್ಪುವ ರೂಪ ಮೊದಲನೆಯದು. ಎರಡನೆಯದು ಕಕಾರವು ಚಕಾರವಾಗಿದ್ದ ನೆರೆಭಾಷೆಯ ರೂಪವನ್ನು ಹೋಲುತ್ತದೆ. ಜರ್ಮನ್ನಿನ 'ಕೆಲ್ಲರ್', 'ತ್ಸೆಲ್ಲೆ'ಗಳ ಜೋಡಿಗೆ ಕನ್ನಡದಲ್ಲಿ ಇದೇ ಸಮಾನವಾದ ಜೋಡಿ.

ಊಷ್ಮದಿಂದ ಮೌನಕ್ಕೆ

ಊಷ್ಮವೇ ಈ ಪಯಣದ ಕೊನೆಯಲ್ಲ. ಸಕಾರದಲ್ಲಿ ನಾಲಗೆಯ ಪಾತ್ರವೂ ಹೋಗಿ ಉಸಿರೊಂದೇ ಉಳಿದರೆ ಅದು ಹಕಾರ. ಸಂಸ್ಕೃತದ ಸಪ್ತ, ಸೋಮ, ಸಿಂಧುಗಳು ಇರಾನಿನಲ್ಲಿ ಹಪ್ತ, ಹಓಮ, ಹಿಂದುಗಳಾದವು. ಶಿಕ್ಷಾಕಾರರು ಹಕಾರವನ್ನೂ ಊಷ್ಮಗಳ ಸಾಲಿನಲ್ಲಿಯೇ ಇಟ್ಟುದು ಎಷ್ಟು ಉಚಿತವೆಂಬುದು ಇಲ್ಲಿ ತೋರುತ್ತದೆ. ಹಕಾರವೂ ಅಡಗಿದರೆ ಉಳಿಯುವುದು ಬರಿಯ ಸ್ವರ.

ಮಧ್ಯಭಾರತದ ಗೊಂಡಿ ಭಾಷೆಯ ಉಪಭಾಷೆಗಳಲ್ಲಿ ಈ ಮೂರು ಘಟ್ಟಗಳೂ ಇಂದಿಗೂ ಕೇಳಸಿಗುತ್ತವೆ. 'ಆರು' ಎಂಬ ಸಂಖ್ಯೆಗೆ ಅಲ್ಲಿ ಒಂದೆಡೆ 'ಸಾರುಂಗ್', ಇನ್ನೊಂದೆಡೆ 'ಹಾರುಂಗ್', ಮತ್ತೊಂದೆಡೆ 'ಆರುಂಗ್'. ಉಪ್ಪಿಗೆ 'ಸೊವರ್', 'ಹೊವರ್', 'ಒವರ್'. ಕೃಷ್ಣಮೂರ್ತಿಯವರು 1998ರ ಪ್ರಬಂಧವೊಂದರಲ್ಲಿ ಈ ಪರಿವರ್ತನೆ ಪದದಿಂದ ಪದಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ಹರಡಿದ ಬಗೆಯನ್ನು ಪರಿಶೀಲಿಸಿದರು. ಕನ್ನಡ, ತಮಿಳುಗಳಲ್ಲಿ 'ಆಱು', 'ಉಪ್ಪು' ಎಂದು ಸ್ವರದಿಂದಲೇ ಮೊದಲಾಗುವ ಪದಗಳು ಒಂದು ಕಾಲದಲ್ಲಿ ವ್ಯಂಜನವನ್ನು ಹೊತ್ತಿದ್ದವೆಂಬುದಕ್ಕೆ ಗೊಂಡಿಯೇ ಸಾಕ್ಷಿ. ಕೊಡುವುದೆಂಬರ್ಥದ ಹಳಗನ್ನಡದ 'ಈ' ಧಾತುವಿಗೂ ಗೊಂಡಿಯಲ್ಲಿ 'ಸೀ' ಎಂಬ ರೂಪವಿದೆ. 1947ರಲ್ಲಿ ಬರೋ ಈ ಲೋಪವನ್ನು ಕುರಿತೇ ಒಂದು ಪ್ರಬಂಧವನ್ನು ಬರೆದರು.

ತಮಿಳಿನಲ್ಲಿ ಈ ಲೋಪವು ಪ್ರಾಕೃತದಿಂದ ಬಂದ ಪದಗಳಿಗೂ ತಟ್ಟಿತು. ಸಂಸ್ಕೃತದ 'ಸಹಸ್ರ' ಕನ್ನಡದಲ್ಲಿ 'ಸಾಸಿರ', 'ಸಾವಿರ', ತಮಿಳಿನಲ್ಲಿ 'ಆಯಿರಂ'. 'ಶ್ರಾವಣ'ವು ತಮಿಳಿನಲ್ಲಿ 'ಆವಣಿ'. ಪ್ರಾಕೃತದ 'ಸಮಣ'ವು ಕನ್ನಡದಲ್ಲಿ 'ಸವಣ'ವಾಗಿ ಸಕಾರವನ್ನು ಉಳಿಸಿಕೊಂಡರೆ ತಮಿಳಿನಲ್ಲಿ 'ಚಮಣರ್' ಎಂಬುದರ ಜೊತೆಗೆ 'ಅಮಣರ್' ಎಂಬ ರೂಪವೂ ಬಳಕೆಗೆ ಬಂದಿತು. ಕರೂರಿನ ಬಳಿಯ ಪುಗಳೂರಿನಲ್ಲಿ ಕ್ರಿಸ್ತಶಕದ ಆರಂಭಿಕ ಶತಮಾನಗಳ ತಮಿಳು ಬ್ರಾಹ್ಮೀ ಶಾಸನವೊಂದಿದೆ. ಚೇರ ಮನೆತನದವರು ಜೈನಮುನಿಯೊಬ್ಬರಿಗೆ ಬಂಡೆಯಲ್ಲಿ ವಸತಿಯನ್ನು ಕಡಿಸಿಕೊಟ್ಟುದನ್ನು ಅದು ದಾಖಲಿಸುತ್ತದೆ. ಅಲ್ಲಿ ಆ ಮುನಿಯನ್ನು 'ಅಮಣ್ಣನ್' ಎಂದು ಕರೆದಿದೆ, ಅವರ ಹೆಸರು 'ಚೆಂಕಾಯಪನ್'. ಹೆಸರಿನ ಮೊದಲ ಭಾಗವನ್ನು ಕೆಂಪು ಎಂಬರ್ಥದ 'ಚೆಂ' ಎಂದು ತೆಗೆದುಕೊಂಡರೆ, ಒಂದೇ ಶಾಸನದಲ್ಲಿ ಕಕಾರವು ಚಕಾರವಾದುದೂ ಸಕಾರವು ಮೌನವಾದುದೂ ಅಕ್ಕಪಕ್ಕದಲ್ಲಿ ಕಲ್ಲಿನ ಮೇಲೆ ನಿಂತಂತಾಗುತ್ತದೆ. ಜೈನಧರ್ಮವು ದಕ್ಷಿಣದಲ್ಲಿ ನೆಲೆಯೂರಿದ ಕಾಲವನ್ನು ಗುರುತಿಸಲು ಹೊರಟ ಇತಿಹಾಸಕಾರನಿಗೆ ಧ್ವನಿಯ ಈ ಲೋಪವೂ ಒಂದು ಆಕರ. 'ಸಮಣ'ವು ಸಕಾರದ ಲೋಪವಿನ್ನೂ ಸಕ್ರಿಯವಾಗಿದ್ದಾಗಲೇ ತಮಿಳನ್ನು ಸೇರಿರಬೇಕು.

ಹಿರಿತನದ ಪ್ರಶ್ನೆ

ಇಷ್ಟರಿಂದ ಹೊರಡುವ ತೀರ್ಮಾನವೇನು? ಕನ್ನಡವು ಸಂಗಂ ಕಾಲದ ತಮಿಳಿನಿಂದ ಹುಟ್ಟಿತೆನ್ನಲು ಬರುವುದಿಲ್ಲ. ಆ ತಮಿಳಿನಲ್ಲಿ ಆಗಲೇ ಬೆರೆತುಹೋಗಿದ್ದ ಎರಡು ವ್ಯಂಜನಗಳು ಕನ್ನಡದಲ್ಲಿ ಬೇರೆ ಬೇರೆಯಾಗಿ ಉಳಿದಿವೆ. ಇಟಾಲಿಯನ್ನಿಗೆ ಸಾರ್ದಿನಿಯನ್ ಹೇಗೆ ಮಗಳಲ್ಲವೋ ಹಾಗೆಯೇ ಕನ್ನಡವೂ ತಮಿಳಿಗೆ ಮಗಳಲ್ಲ, ಸೋದರಿ.

ಹಾಗೆಂದು ಕನ್ನಡವೇ ಹಿರಿಯದೆಂದು ಹೇಳಲೂ ಇದೇ ವಿಧಾನ ಅವಕಾಶ ಕೊಡುವುದಿಲ್ಲ. ತಮಿಳಿನಲ್ಲಿ ಇಂದಿಗೂ ಉಳಿದಿರುವ ಪದಾದಿಯ ಪಕಾರವು ಕನ್ನಡದಲ್ಲಿ ಹಕಾರವಾಗಿದೆ. ಪಾಲ್ 'ಹಾಲು' ಆಯಿತು, ಪತ್ತು 'ಹತ್ತು' ಆಯಿತು. ಱಕಾರ, ೞಕಾರಗಳನ್ನು ಕನ್ನಡವು ಕಳೆದುಕೊಂಡಿತು, ತಮಿಳು ಉಳಿಸಿಕೊಂಡಿತು. 'ಕಿವಿ' ಎಂಬ ಪದದೊಳಗೇ ಈ ನ್ಯಾಯ ಅಡಗಿದೆ. ಅದರ ಮೂಲರೂಪ 'ಕೆವಿ' ಎಂದು ವಿದ್ವಾಂಸರು ಪುನಾರಚಿಸಿದ್ದಾರೆ. ಮುಂದಿನ ಇಕಾರದ ಪ್ರಭಾವದಿಂದ ಮೊದಲ ಎಕಾರವು ಕನ್ನಡದಲ್ಲಿ ಇಕಾರವಾಯಿತು. ತಮಿಳಿನ 'ಎಲಿ' ಕನ್ನಡದಲ್ಲಿ 'ಇಲಿ', 'ಪೊಡಿ' ಕನ್ನಡದಲ್ಲಿ 'ಪುಡಿ' ಎಂಬಲ್ಲಿ ಕಾಣುವುದೂ ಇದೇ ಬಗೆಯ ಬದಲಾವಣೆ. ಆದುದರಿಂದ 'ಕಿವಿ'ಯಲ್ಲಿ ವ್ಯಂಜನ ಹಳೆಯದು, ಸ್ವರ ಹೊಸತು. 'ಚೆವಿ'ಯಲ್ಲಿ ಸ್ವರ ಹಳೆಯದು, ವ್ಯಂಜನ ಹೊಸತು. ಹಳೆಯ ಪದದ ಅರ್ಧವನ್ನು ಒಬ್ಬ ಸೋದರಿ, ಇನ್ನರ್ಧವನ್ನು ಮತ್ತೊಬ್ಬ ಸೋದರಿ ಕಾಪಾಡಿದ್ದಾಳೆ. ಎರಡನ್ನೂ ಒಟ್ಟಿಗೆ ಉಳಿಸಿಕೊಂಡಿರುವುದು, ಪ್ರಾಚೀನ ಸಾಹಿತ್ಯದ ಹೆಗ್ಗಳಿಕೆಯ ಚರ್ಚೆಯಲ್ಲಿ ಹೆಸರೇ ಕೇಳಿಬರದ ಕೊಡವ.

ಪದವೊಂದರ ಪ್ರಾಚೀನತೆಯನ್ನು ಅರಿಯಲು ಒಂದು ಭಾಷೆಯ ಸಾಹಿತ್ಯವೆಷ್ಟು ಹಳೆಯದೆಂಬುದು ಸಾಕಾಗುವುದಿಲ್ಲ. ಗೊಂಡಿಯ ಉಪಭಾಷೆಯೊಂದು ಎರಡು ಸಾವಿರ ವರ್ಷದ ಕಾವ್ಯಪರಂಪರೆ ಮರೆತ ಸಕಾರವನ್ನು ನೆನಪಿನಲ್ಲಿಟ್ಟಿರಬಹುದು. ಹಳಗನ್ನಡದ ವಿದ್ಯಾರ್ಥಿಯು ಒಂದು ಪದದ ಮೂಲವನ್ನು ಹುಡುಕುವಾಗ ತಮಿಳು ತೆಲುಗುಗಳ ನಿಘಂಟುಗಳ ಜೊತೆಗೆ ತುಳು, ಕೊಡವ, ಗೊಂಡಿಗಳ ಪದಪಟ್ಟಿಗಳನ್ನೂ ತೆರೆದಿಟ್ಟುಕೊಳ್ಳಬೇಕಾದುದು ಇದಕ್ಕಾಗಿಯೇ.